ಟ್ಯೂರಿನ್ ನಗರದ ಸಾಧು ದೈತ್ಯ: ಜಾನ್ ಚಾರ್ಲ್ಸ್

ಇಟಲಿಯ ಟ್ಯೂರಿನ್ ನಗರದ ಹೆಸರು ಕೇಳಿದೊಡನೆ ನಮ್ಮ ಕಥೋಲಿಕ ಕುಟುಂಬಗಳಿಗೆ ಮೊದಲು ನೆನಪಾಗುವುದು ಅಲ್ಲಿನ ಪ್ರಧಾನಾಲಯದಲ್ಲಿರುವ ಪವಿತ್ರ ಶವವಸ್ತ್ರ. ಅನಂತರ ಯುವಜನರ ಪಾಲಕರಾದ ಸಂತ ಜಾನ್ ಬೋಸ್ಕೊ. 1846ರಲ್ಲಿ ಆ ನಗರದ ವಾಲ್ಡೊಕ್ಕೊ ಎಂಬಲ್ಲಿ ನೆಲೆಯೂರಿ, ಬೀದಿಯ ಹುಡುಗರನ್ನು ಕೂಡಿಸಿಕೊಂಡ ಆ ಗುರುವರ್ಯರು ಪ್ರಾರ್ಥನಾಲಯದಷ್ಟೇ ಗಮನವನ್ನು ಆಟದ ಅಂಗಳಕ್ಕೂ ಕೊಟ್ಟರು. ಹುಡುಗನೊಬ್ಬನು ಅಂಗಳದಲ್ಲಿ ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಕಂಡರೆ ಅವನ ಅಂತರಂಗವನ್ನು ಅರಿಯಬಹುದೆಂಬುದು ಅವರ ಅನುಭವವಾಗಿತ್ತು.

ಅದೇ ನಗರದಲ್ಲಿ 1957ರಿಂದ 1962ರವರೆಗೆ ಐದು ವರ್ಷಗಳ ಕಾಲ ವೇಲ್ಸ್ ದೇಶದ ಒಬ್ಬ ಕಾಲ್ಚೆಂಡಾಟಗಾರರು ವಾಸವಾಗಿದ್ದರು. ಜಾನ್ ಚಾರ್ಲ್ಸ್ ಎಂಬುದು ಅವರ ಹೆಸರು. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಸಂತರೆಂದು ಕರೆಯಬಹುದಾದ ಜೀವನವೂ ಅವರದಲ್ಲ. ಆದರೂ ಈ ವಾರ ಅವರ ಕಥೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ಮೈಗೆ ಮೈ ತಗುಲಿಸಿ, ನೂಕಿ, ತಳ್ಳಿ ಆಡುವ ಆಟದಲ್ಲಿ, ತಮ್ಮ ಕಾಲದ ಅತ್ಯಂತ ಬಲಶಾಲಿ ಆಟಗಾರರಲ್ಲಿ ಒಬ್ಬರಾಗಿದ್ದ ಅವರನ್ನು ಯಾವ ತೀರ್ಪುಗಾರನೂ ಒಂದು ಸಲವೂ ಎಚ್ಚರಿಸಲಿಲ್ಲ, ಒಂದು ಸಲವೂ ಮೈದಾನದಿಂದ ಹೊರಗೆ ಕಳುಹಿಸಲಿಲ್ಲ. ಮೈದಾನದಂಚಿನಲ್ಲಿ ನಿಂತು ಹೊಡೆ, ಬೀಳಿಸು ಎಂದು ತಮ್ಮ ಮಕ್ಕಳನ್ನು ಹುರಿದುಂಬಿಸುವ ತಂದೆಯರನ್ನು ನಾವೆಲ್ಲರೂ ಕಂಡವರೇ. ಅವರು ಈ ಕಥೆಯನ್ನು ಓದಬೇಕೆಂದು ನನಗೆ ಅನೇಕ ಸಲ ಅನಿಸಿದೆ.

ಜಾನ್ ಚಾರ್ಲ್ಸ್ ಜನಿಸಿದ್ದು 1931ರ ಡಿಸೆಂಬರ್ 27ರಂದು, ದಕ್ಷಿಣ ವೇಲ್ಸಿನ ಸ್ವಾನ್ಸಿ ಪಟ್ಟಣದ ಕ್ಮ್‌ಬೂರ್ಲ ಎಂಬ ಬಡಾವಣೆಯಲ್ಲಿ. ಕ್ರಿಸ್ಮಸ್ ಕಳೆದ ಎರಡನೆಯ ದಿನ, ನಮ್ಮ ಪಂಚಾಂಗದಂತೆ ಪ್ರೇಷಿತ ಸಂತ ಯೊವಾನ್ನರ ಹಬ್ಬದ ದಿನ. ಸ್ವಾನ್ಸಿ ಅಂದು ಬಂದರು, ತಾಮ್ರ, ತಗಡುಗಳ ಊರು; ದುಡಿಯುವ ಜನರ ಊರು. ಅಲ್ಲಿನ ಹುಡುಗರಿಗೆ ಉದ್ಯಾನವನದ ಬಯಲೇ ಮೈದಾನ. ಆ ಊರಿನಿಂದ ಆ ಒಂದೇ ತಲೆಮಾರಿನಲ್ಲಿ ಐವರ್ ಆಲ್‌ಚರ್ಚ್, ಟ್ರೆವರ್ ಫೋರ್ಡ್, ಕ್ಲಿಫ್ ಜೋನ್ಸ್, ಜಾನರ ತಮ್ಮ ಮೆಲ್ ಚಾರ್ಲ್ಸ್ ಮುಂತಾದ ಅಂತರರಾಷ್ಟ್ರೀಯ ಆಟಗಾರರು ಹೊರಬಂದರೆಂಬುದು ವಿಸ್ಮಯದ ಸಂಗತಿ. ಶಾಲೆ ಬಿಟ್ಟ ಜಾನ್ ಹದಿನಾಲ್ಕರ ವಯಸ್ಸಿನಲ್ಲಿ ಸ್ವಾನ್ಸಿ ಟೌನ್ ಕ್ಲಬ್ಬಿನ ಮೈದಾನದ ಕೆಲಸಕ್ಕೆ ಸೇರಿದರು. ಆ ಕ್ಲಬ್ಬಿನ ಮೊದಲ ತಂಡದಲ್ಲಿ ಆಡುವ ಮೊದಲೇ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ಬು 1948ರಲ್ಲಿ ಅವರನ್ನು ಕರೆದೊಯ್ದಿತು.

ಲೀಡ್ಸ್ ತಂಡದ ವ್ಯವಸ್ಥಾಪಕರು ಮೇಜರ್ ಫ್ರಾಂಕ್ ಬಕ್ಲಿ. 1949ರ ಏಪ್ರಿಲ್‌ನಲ್ಲಿ, ಹದಿನೇಳು ವರ್ಷದ ಈ ಹುಡುಗನನ್ನು ಅವರು ಸ್ಕಾಟ್ಲೆಂಡಿನ ಕ್ವೀನ್ ಆಫ್ ದಿ ಸೌತ್ ತಂಡದ ಎದುರು ಸ್ನೇಹಪಂದ್ಯದಲ್ಲಿ ಕಣಕ್ಕಿಳಿಸಿದರು. ಎದುರಾಳಿ ತಂಡದ ಸೆಂಟರ್ ಫಾರ್ವರ್ಡ್ ಬಿಲ್ಲಿ ಹೂಲಿಸ್ಟನ್. ಹತ್ತೇ ದಿನಗಳ ಹಿಂದೆ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿನ ರಕ್ಷಕರನ್ನು ತತ್ತರಗೊಳಿಸಿದ್ದ ಗಟ್ಟಿಗ. ಆತನನ್ನು ಕಾಯುವ ಕೆಲಸ ಹುಡುಗನದು. ಪಂದ್ಯ ಗೋಲಿಲ್ಲದೆ ಮುಗಿಯಿತು. ಅಂದಿನಿಂದ ಜಾನ್ ಮೊದಲ ತಂಡದ ಆಟಗಾರರಾದರು. 1950ರ ಮಾರ್ಚ್ 8ರಂದು ಉತ್ತರ ಐರ್ಲೆಂಡಿನ ಎದುರು ವೇಲ್ಸ್ ದೇಶದ ಅಂಗಿ ತೊಟ್ಟಾಗ ಅವರಿಗೆ ಹದಿನೆಂಟು ವರ್ಷ ತುಂಬಿ ಕೇವಲ 71 ದಿನಗಳಾಗಿದ್ದವು. ಆವರೆಗೆ ಅಷ್ಟು ಎಳೆಯ ವಯಸ್ಸಿನಲ್ಲಿ ಯಾರೂ ವೇಲ್ಸ್ ಪರವಾಗಿ ಆಡಿರಲಿಲ್ಲ.

ಇಲ್ಲಿಯವರೆಗೆ ಅವರು ರಕ್ಷಣೆಯ ಆಟಗಾರರೇ. ಎರಡು ವರ್ಷಗಳ ಕಡ್ಡಾಯ ಸೈನ್ಯಸೇವೆಯನ್ನು ಮುಗಿಸಿ ಬಂದ ಮೇಲೆ, 1952ರ ಅಕ್ಟೋಬರಿನಲ್ಲಿ, ಗೋಲುಗಳಿಗಾಗಿ ಪರದಾಡುತ್ತಿದ್ದ ಬಕ್ಲಿಯವರು ಅವರನ್ನು ಹಿಂದಿನ ಸಾಲಿನಿಂದ ತೆಗೆದು ಮುಂದಿನ ಸಾಲಿಗೆ ನಿಲ್ಲಿಸಿದರು. ಮರುವರ್ಷವೇ, 1953-54ರ ಲೀಗಿನಲ್ಲಿ, ಜಾನ್ 42 ಗೋಲುಗಳನ್ನು ಹೊಡೆದು ಕ್ಲಬ್ಬಿನ ದಾಖಲೆಯನ್ನು ಬರೆದರು. ಕಾಯುವವನೂ ಹೊಡೆಯುವವನೂ ಒಬ್ಬನೇ ಆಗಿ, ಎರಡರಲ್ಲೂ ಅತ್ಯುತ್ತಮನಾಗಿರುವುದು ಕಾಲ್ಚೆಂಡಿನ ಚರಿತ್ರೆಯಲ್ಲಿ ಬಹಳ ಅಪರೂಪ. ಅವರ ಶ್ರೇಷ್ಠ ಸ್ಥಾನ ಯಾವುದೆಂಬ ವಾದವನ್ನು ತಿಳಿದವರು ಇಂದಿಗೂ ಮುಗಿಸಿಲ್ಲ.

6 ಅಡಿ 2 ಅಂಗುಲ ಎತ್ತರ, ಅದಕ್ಕೆ ತಕ್ಕ ಮೈಕಟ್ಟು. ಗಾಳಿಯಲ್ಲಿ ಬಂದ ಚೆಂಡಿಗೆ ಅವರು ಹಾರಿ ತಲೆಕೊಟ್ಟರೆ ಸುತ್ತಲಿನವರು ಅವರ ಭುಜದ ಮಟ್ಟಕ್ಕೆ ಬರುತ್ತಿದ್ದರು. ಅಂಥ ದೇಹದವರು ಮನಸ್ಸು ಮಾಡಿದ್ದರೆ ಎಷ್ಟು ಜನರ ಎಲುಬು ಮುರಿಯಬಹುದಿತ್ತು! ಅವರು ಮಾಡಲಿಲ್ಲ. ಇನ್ನೊಬ್ಬನನ್ನು ನೋಯಿಸಿಯೇ ಗೆಲ್ಲಬೇಕಾದರೆ ತಾನು ಆಟಗಾರನೇ ಅಲ್ಲವೆಂಬ ನಿಲುವು ಅವರದಾಗಿತ್ತು. ತಮ್ಮವರಲ್ಲೇ ಕೆಲವರು ಇದನ್ನು ಬಲಹೀನತೆಯೆಂದು ಭಾವಿಸಿ, ಇಷ್ಟೇ ಇಷ್ಟು ಒರಟುತನ ಇದ್ದಿದ್ದರೆ ಇನ್ನೂ ಎಷ್ಟು ಗೋಲು ಹೊಡೆಯುತ್ತಿದ್ದರೋ ಎಂದು ಹಲುಬುತ್ತಿದ್ದರು. ಹಲುಬುವವರಿಗೆ ಲೆಕ್ಕ ಹೇಳುವುದು ಕಷ್ಟ.

1956ರಲ್ಲಿ ಲೀಡ್ಸ್ ತಂಡ ಮೊದಲ ದರ್ಜೆಗೆ ಏರಿತು. ಅದೇ ಸೆಪ್ಟೆಂಬರ್ 18ರ ರಾತ್ರಿ ಅವರ ಎಲ್ಲಂಡ್ ರೋಡ್ ಮೈದಾನದ ಪಶ್ಚಿಮ ಭಾಗದ ಕಟ್ಟಡ ಬೆಂಕಿಗೆ ಆಹುತಿಯಾಯಿತು. ವಿಮೆಯ ಹಣ ಮರುನಿರ್ಮಾಣಕ್ಕೆ ಸಾಲದಾಯಿತು. ಚಾರ್ಲ್ಸ್ ಆ ಋತುವಿನಲ್ಲಿ 38 ಗೋಲುಗಳೊಡನೆ ಇಡೀ ಮೊದಲ ದರ್ಜೆಗೇ ಮೊದಲಿಗರಾದರು. ಕ್ಲಬ್ಬಿನ ಸಾಲವನ್ನು ತೀರಿಸಬಲ್ಲ ಆಸ್ತಿಯೂ ಅವರೊಬ್ಬರೇ ಆಗಿದ್ದರು. 1957ರ ಏಪ್ರಿಲ್‌ನಲ್ಲಿ ಬೆಲ್‌ಫಾಸ್ಟಿನಲ್ಲಿ ಅವರು ವೇಲ್ಸ್ ತಂಡದ ನಾಯಕರಾಗಿ ಆಡಿದ ಪಂದ್ಯವನ್ನು ನೋಡಲು ಟ್ಯೂರಿನ್ನಿನಿಂದ ಒಬ್ಬ ಯುವಕ ಬಂದಿದ್ದರು. ಅವರು ಫಿಯಟ್ ಕಾರು ಕಾರ್ಖಾನೆಯ ಒಡೆತನದ ಮನೆತನದವರೂ ಜುವೆಂಟಸ್ ಕ್ಲಬ್ಬಿನ ಅಧ್ಯಕ್ಷರೂ ಆದ ಉಂಬೆರ್ತೊ ಅನ್ಯೆಲ್ಲಿ. ಅವರ ವಯಸ್ಸು ಇಪ್ಪತ್ತೆರಡು. ಅದೇ ತಿಂಗಳಲ್ಲಿ ಲೀಡ್ಸಿನ ಕ್ವೀನ್ಸ್ ಹೋಟೆಲಿನಲ್ಲಿ ಮಾತುಕತೆ ಮುಗಿದು, 65,000 ಪೌಂಡುಗಳಿಗೆ ವ್ಯವಹಾರ ಕುದುರಿತು. ಬ್ರಿಟನ್ನಿನಲ್ಲಿ ಆವರೆಗೆ ಯಾವ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಎಂಥ ನಿಪುಣ ಆಟಗಾರನಿಗೂ ವಾರಕ್ಕೆ 15 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಜುವೆಂಟಸ್ ಸಹಿ ಹಾಕಿದ್ದಕ್ಕೇ ಅವರಿಗೆ 10,000 ಪೌಂಡು ಕೊಟ್ಟಿತು. ಕ್ಲಬ್ಬಿಗೆ ಬಂದ ಹಣದಿಂದ ಸುಟ್ಟುಹೋದ ಕಟ್ಟಡದ ಜಾಗದಲ್ಲಿ ಹೊಸ ಕಟ್ಟಡ ಎದ್ದಿತು. ಬಹಳ ವರ್ಷಗಳ ಮೇಲೆ ಅದಕ್ಕೆ ಅವರ ಹೆಸರನ್ನೇ ಇಟ್ಟರು.

ಟ್ಯೂರಿನ್ನಿಗೆ ಬಂದ ಚಾರ್ಲ್ಸರು ಕಂಡದ್ದು ಬೇರೆಯೇ ಬಗೆಯ ಆಟ. ಇಟಲಿಯ ತಂಡಗಳು ಗೋಲಿನ ಮುಂದೆ ಕೋಟೆ ಕಟ್ಟಿ ಕಾಯುತ್ತಿದ್ದವು. ತೀರ್ಪುಗಾರನ ಬೆನ್ನ ಹಿಂದೆ ಅಂಗಿ ಎಳೆಯುವುದು, ಹಿಮ್ಮಡಿಗೆ ಒದೆಯುವುದು ಅಲ್ಲಿನ ರಕ್ಷಕರಿಗೆ ರೂಢಿಯಾಗಿತ್ತು. ಅಂಥಲ್ಲಿ 1957ರ ಸೆಪ್ಟೆಂಬರಿನ ತಮ್ಮ ಮೊದಲ ಲೀಗ್ ಪಂದ್ಯದಲ್ಲೇ, ವೆರೋನಾ ತಂಡದ ಎದುರು, ಅವರು ವಿಜಯದ ಗೋಲು ಹೊಡೆದರು. ಋತು ಮುಗಿದಾಗ 28 ಗೋಲುಗಳೊಡನೆ ಇಟಲಿಗೇ ಮೊದಲಿಗರು. ಅದಕ್ಕೆ ಮೊದಲು ಕೆಲವು ವರ್ಷ ನಡುಸ್ಥಾನಗಳಲ್ಲಿ ನರಳುತ್ತಿದ್ದ ಜುವೆಂಟಸ್ 1958ರಲ್ಲಿ ತನ್ನ ಹತ್ತನೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದು, ಅದರ ಗುರುತಾಗಿ ಅಂಗಿಯ ಮೇಲೆ ನಕ್ಷತ್ರ ಧರಿಸಿತು. 1960 ಮತ್ತು 1961ರಲ್ಲಿ ಮತ್ತೆರಡು ಲೀಗ್ ಪ್ರಶಸ್ತಿಗಳು, 1959 ಮತ್ತು 1960ರಲ್ಲಿ ಇಟಲಿ ಕಪ್ ಬಂದವು. 1959ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರರ ಆಯ್ಕೆಯಲ್ಲಿ ಚಾರ್ಲ್ಸರಿಗೆ ಮೂರನೆಯ ಸ್ಥಾನ ದೊರೆಯಿತು. ಐದು ವರ್ಷಗಳಲ್ಲಿ ಎಲ್ಲ ಸ್ಪರ್ಧೆಗಳೂ ಸೇರಿ 155 ಪಂದ್ಯಗಳು, 108 ಗೋಲುಗಳು.

ಮುಂದಿನ ಸಾಲಿನಲ್ಲಿ ಅವರ ಜೊತೆಗಾರರು ಇಬ್ಬರು. ತಂಡದ ಹಿರಿಯ ಜಾಂಪಿಯೆರೊ ಬೊನಿಪೆರ್ತಿ ಒಬ್ಬರು. ಅರ್ಜೆಂಟೀನದಿಂದ ಬಂದ ಕುಳ್ಳ ದೇಹದ ಒಮರ್ ಸಿವೋರಿ ಇನ್ನೊಬ್ಬರು. ಸಿವೋರಿಯವರದು ಮಾಂತ್ರಿಕನ ಕಾಲು, ಮೆಣಸಿನಕಾಯಿಯಂಥ ಸಿಟ್ಟು. ಎದುರಾಳಿಯೊಡನೆ, ತೀರ್ಪುಗಾರನೊಡನೆ, ಪ್ರೇಕ್ಷಕರೊಡನೆ ಕೂಡ ಜಗಳ. ಒಂದು ಪಂದ್ಯದಲ್ಲಿ ಕೋಪದಿಂದ ಕುದಿಯುತ್ತ ತೀರ್ಪುಗಾರನ ಮೇಲೆ ಏರಿಹೋಗಲಿದ್ದ ಸಿವೋರಿಯ ಕೆನ್ನೆಗೆ ಎಲ್ಲರ ಎದುರಿಗೇ ಚಾರ್ಲ್ಸರು ಒಂದು ಏಟು ಕೊಟ್ಟು ಸುಮ್ಮನಾಗಿಸಿದರು. ಯಾರನ್ನೂ ನೋಯಿಸದ ಮನುಷ್ಯ ಮೈದಾನದಲ್ಲಿ ಕೈಯೆತ್ತಿದ್ದು ತನ್ನ ಗೆಳೆಯನ ಮೇಲೆ, ಅದೂ ಅವನನ್ನು ಉಳಿಸುವುದಕ್ಕೆ. ಮನೆಯ ಹಿರಿಯಣ್ಣ ತುಂಟ ತಮ್ಮನನ್ನು ತಡೆದಂತೆ ಅದು ನಡೆದುಹೋಯಿತು. ಅವರಿಬ್ಬರ ಸ್ನೇಹ ಕೆಡಲಿಲ್ಲ.

ಇನ್ನೊಂದು ಘಟನೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಟ್ಯೂರಿನ್ನಿನ ಒಂದು ದುಃಖವನ್ನು ತಿಳಿದಿರಬೇಕು. ನಗರದ ಹೊರಗೆ ಗುಡ್ಡದ ನೆತ್ತಿಯ ಮೇಲೆ ಸೂಪೆರ್ಗಾ ಎಂಬ ಮರಿಯಮ್ಮನವರ ಮಹಾದೇವಾಲಯವಿದೆ. 1949ರ ಮೇ 4ರಂದು, ದಟ್ಟ ಮೋಡ ಕವಿದ ಸಂಜೆ, ಲಿಸ್ಬನ್ನಿನಿಂದ ಹಿಂದಿರುಗುತ್ತಿದ್ದ ವಿಮಾನವೊಂದು ಆ ದೇವಾಲಯದ ಹಿಂಬದಿಯ ಗೋಡೆಗೆ ಅಪ್ಪಳಿಸಿತು. ಅದರಲ್ಲಿದ್ದ 31 ಜನರೂ ಮೃತರಾದರು. ಅವರಲ್ಲಿ 18 ಮಂದಿ ನಗರದ ಇನ್ನೊಂದು ಕ್ಲಬ್ಬಾದ ಟೊರಿನೊ ತಂಡದ ಆಟಗಾರರು. ಅಂದಿನ ಇಟಲಿಯ ಅಜೇಯ ತಂಡ ಒಂದೇ ಕ್ಷಣದಲ್ಲಿ ಇಲ್ಲವಾಯಿತು. ಜುವೆಂಟಸ್ ಮತ್ತು ಟೊರಿನೊ ಒಂದೇ ನಗರದ ಎರಡು ಮನೆಗಳು. ಅವುಗಳ ನಡುವಣ ಪಂದ್ಯವೆಂದರೆ ದಾಯಾದಿಗಳ ಕಾಳಗ. ಸೂಪೆರ್ಗಾದ ಬಳಿಕ ಆ ಕಾಳಗದಲ್ಲಿ ಒಂದು ಕಡೆಯವರ ಎದೆಯಲ್ಲಿ ಮಾಯದ ಗಾಯವೂ ಸೇರಿಕೊಂಡಿತ್ತು. ಚಾರ್ಲ್ಸರು ಬಂದಾಗ ಆ ದುರಂತ ನಡೆದು ಎಂಟೇ ವರ್ಷ.

ಅಂಥ ಒಂದು ಪಂದ್ಯದಲ್ಲಿ, ಚೆಂಡಿನೊಡನೆ ಮುನ್ನುಗ್ಗುತ್ತಿದ್ದ ಚಾರ್ಲ್ಸರ ಮೊಣಕೈ ಟೊರಿನೊ ರಕ್ಷಕನೊಬ್ಬನಿಗೆ ತಿಳಿಯದೆ ತಗುಲಿತು. ಆತ ಪ್ರಜ್ಞೆ ತಪ್ಪಿ ಬಿದ್ದ. ತೀರ್ಪುಗಾರನು ಸೀಟಿ ಊದಲಿಲ್ಲ. ಚಾರ್ಲ್ಸರ ಮುಂದೆ ಗೋಲ್‌ಕೀಪರ್ ಒಬ್ಬನೇ. ಗೋಲು ಖಚಿತ. ಅವರು ಹಿಂದಿರುಗಿ ನೋಡಿ, ಬಿದ್ದವನನ್ನು ಕಂಡು, ಚೆಂಡನ್ನು ಬೇಕೆಂದೇ ಗೆರೆಯಿಂದಾಚೆಗೆ ಒದ್ದು, ಅವನ ಶುಶ್ರೂಷೆಗೆ ಅವಕಾಶ ಮಾಡಿಕೊಟ್ಟರು. ಗಾಯಾಳುವಿಗಾಗಿ ಚೆಂಡನ್ನು ಹೊರಗೆ ಹಾಕುವುದು ಇಂದು ಸಾಮಾನ್ಯ ಸೌಜನ್ಯವೆನಿಸಿದೆ. ಅಂದಿನ ಇಟಲಿಯಲ್ಲಿ, ಅದೂ ಎದುರು ಗೋಲು ತೆರೆದಿರುವಾಗ, ಜನ ಅಂಥದನ್ನು ನಿರೀಕ್ಷಿಸಿರಲಿಲ್ಲ. ಟ್ಯೂರಿನ್ನಿನ ಜನ, ಟೊರಿನೊ ಅಭಿಮಾನಿಗಳೂ ಸೇರಿ, ಆ ಕಥೆಯನ್ನು ಮಕ್ಕಳು ಮೊಮ್ಮಕ್ಕಳಿಗೆ ಹೇಳುತ್ತ ಬಂದರು. ಇಲ್ ಜಿಗಾಂತೆ ಬ್ವೊನೊ ಎಂಬ ಹೆಸರು ಅವರಿಗೆ ಅಂಟಿಕೊಂಡದ್ದು ಇಂಥ ನಡತೆಯಿಂದ. ಸಾಧು ದೈತ್ಯ ಎಂದು ನಾವು ಕನ್ನಡದಲ್ಲಿ ಹೇಳಬಹುದು. ಪರ್ವತ ಪ್ರಸಂಗದಲ್ಲಿ ಪ್ರಭು ಕ್ರಿಸ್ತರು ಧನ್ಯರೆಂದು ಕರೆದ ಸೌಮ್ಯರಲ್ಲಿ ಕಾಲ್ಚೆಂಡಾಟಗಾರರೂ ಸೇರಬಹುದೆಂದು ನಮಗೆ ಬೇಗನೆ ಹೊಳೆಯುವುದಿಲ್ಲ. ಬಲವಿಲ್ಲದವನ ಸೌಮ್ಯತೆಯನ್ನು ಜನ ಸುಲಭವಾಗಿ ನಂಬುವುದಿಲ್ಲ, ಬೇರೆ ದಾರಿಯಿಲ್ಲದೆ ಸುಮ್ಮನಿದ್ದಾನೆ ಎನ್ನುತ್ತಾರೆ. ಚಾರ್ಲ್ಸರ ವಿಷಯದಲ್ಲಿ ಹಾಗೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಈ ಸೌಮ್ಯತೆಗೆ ಅವರು ತೆತ್ತ ಬೆಲೆ 1958ರ ವಿಶ್ವಕಪ್. ವೇಲ್ಸ್ ಮೊದಲ ಬಾರಿಗೆ ಆ ಸ್ಪರ್ಧೆಗೆ ಅರ್ಹತೆ ಪಡೆದಿತ್ತು, ಅದೂ ವಿಚಿತ್ರ ರೀತಿಯಲ್ಲಿ. ತಮ್ಮ ಗುಂಪಿನಲ್ಲಿ ಸೋತಿದ್ದ ಅವರಿಗೆ, ಎದುರಾಳಿಗಳೆಲ್ಲ ಆಡಲೊಪ್ಪದೆ ಒಂಟಿಯಾಗಿ ಉಳಿದಿದ್ದ ಇಸ್ರೇಲ್ ತಂಡದ ಎದುರು ಆಡುವ ಅವಕಾಶ ಚೀಟಿ ಎತ್ತುವುದರಿಂದ ದೊರೆಯಿತು. ಆ ತಂಡದ ವ್ಯವಸ್ಥಾಪಕರಾಗಿದ್ದ ಜಿಮ್ಮಿ ಮರ್ಫಿಯವರ ಬಗ್ಗೆ ನಮ್ಮ ಓದುಗರು ತಿಳಿಯಲೇಬೇಕು. ವೇಲ್ಸಿನ ಗಣಿಗಳ ನಾಡಾದ ರೊಂಡಾ ಕಣಿವೆಯಲ್ಲಿ, ಐರಿಷ್ ತಂದೆಗೆ ಹುಟ್ಟಿದ ಅವರು ಶ್ರದ್ಧಾವಂತ ಕಥೋಲಿಕರು. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನಲ್ಲಿ ಮತ್ತೊಬ್ಬ ಕಥೋಲಿಕರಾದ ಮ್ಯಾಟ್ ಬಸ್ಬಿಯವರ ಬಲಗೈಯಾಗಿದ್ದರು. 1958ರ ಫೆಬ್ರವರಿ 5ರಂದು ಮ್ಯಾಂಚೆಸ್ಟರ್ ತಂಡ ಬೆಲ್‌ಗ್ರೇಡಿನಲ್ಲಿ ಆಡುತ್ತಿತ್ತು. ಅದೇ ದಿನ ಕಾರ್ಡಿಫ್ ನಗರದಲ್ಲಿ ವೇಲ್ಸ್ ಇಸ್ರೇಲನ್ನು ಎದುರಿಸಬೇಕಿದ್ದುದರಿಂದ ಮರ್ಫಿಯವರು ಇಲ್ಲಿಯೇ ಉಳಿದರು. ಮರುದಿನ ಮ್ಯೂನಿಕ್ಕಿನಲ್ಲಿ ಮ್ಯಾಂಚೆಸ್ಟರ್ ತಂಡದ ವಿಮಾನ ಅಪಘಾತಕ್ಕೀಡಾಗಿ, ಎಂಟು ಆಟಗಾರರೂ ಸೇರಿ 23 ಮಂದಿ ಅಸುನೀಗಿದರು. ಬಸ್ಬಿಯವರ ಪಕ್ಕದ, ಮರ್ಫಿಯವರು ಎಂದಿನಂತೆ ಕುಳಿತುಕೊಳ್ಳುತ್ತಿದ್ದ ಆಸನದಲ್ಲಿ ಅಂದು ಕುಳಿತಿದ್ದ ತರಬೇತುದಾರ ಬರ್ಟ್ ವ್ಯಾಲಿಯವರೂ ಮೃತರಲ್ಲೊಬ್ಬರು. ದೇವರ ಚಿತ್ತವನ್ನು ಅಳೆಯಲು ನಾವು ಯಾರು? ಆ ಭಾರವನ್ನು ಹೊತ್ತುಕೊಂಡೇ ಮರ್ಫಿಯವರು ನಾಲ್ಕು ತಿಂಗಳ ಬಳಿಕ ವೇಲ್ಸ್ ತಂಡವನ್ನು ಸ್ವೀಡನ್ನಿಗೆ ಕರೆದೊಯ್ದರು.

ಚಾರ್ಲ್ಸರನ್ನು ಬಿಟ್ಟುಕೊಡಲು ಇಟಲಿಯಿಂದ ಅನುಮತಿ ತಡವಾಯಿತು. ತಂಡ ಮುಂದೆ ಹೋಗಿ, ಅವರು ಹಿಂದಿನಿಂದ ಒಬ್ಬರೇ ಹೋಗಿ ಸೇರಿಕೊಂಡರು. ಜೂನ್ 8ರಂದು ಬಲಿಷ್ಠ ಹಂಗೆರಿಯ ಎದುರು ತಲೆಯಿಂದ ಗೋಲು ಹೊಡೆದು ಪಂದ್ಯವನ್ನು ಸಮಗೊಳಿಸಿದರು. ಮೆಕ್ಸಿಕೊ, ಸ್ವೀಡನ್ ತಂಡಗಳೊಡನೆಯೂ ಪಂದ್ಯಗಳು ಸಮವಾಗಿ, ಹಂಗೆರಿಯನ್ನು ಮತ್ತೊಮ್ಮೆ ಎದುರಿಸಬೇಕಾಯಿತು. ಜೂನ್ 17ರ ಆ ಪಂದ್ಯದಲ್ಲಿ ಹಂಗೆರಿಯ ಆಟಗಾರರು ಚಾರ್ಲ್ಸರನ್ನೇ ಗುರಿಯಾಗಿಟ್ಟು ಮೇಲಿಂದ ಮೇಲೆ ಒದ್ದರು. ತೀರ್ಪುಗಾರರಿಂದ ಅವರಿಗೆ ದೊರೆತ ರಕ್ಷಣೆ ಅತ್ಯಲ್ಪ. ಅವರು ತಿರುಗಿ ಒದೆಯಲಿಲ್ಲ, ಕುಂಟುತ್ತಲೇ ಆಡಿದರು. ವೇಲ್ಸ್ 2-1ರಿಂದ ಗೆದ್ದು ಎಂಟರ ಘಟ್ಟಕ್ಕೆ ಏರಿತು. ಆದರೆ ಎರಡು ದಿನಗಳ ಬಳಿಕ ಗೋಥೆನ್‌ಬರ್ಗಿನಲ್ಲಿ ಬ್ರೆಜಿಲಿನ ಎದುರು ತಂಡ ಕಣಕ್ಕಿಳಿದಾಗ ಚಾರ್ಲ್ಸರು ಗಾಯಗೊಂಡು ಹೊರಗೆ ಕುಳಿತಿದ್ದರು. ಎತ್ತರದ ಚೆಂಡುಗಳು ಬ್ರೆಜಿಲ್ ಗೋಲಿನ ಮುಂದೆ ಬಂದು ಬೀಳುತ್ತಿದ್ದವು. ಅವುಗಳಿಗೆ ತಲೆಕೊಡಬಲ್ಲವರು ಮಾತ್ರ ಅಲ್ಲಿರಲಿಲ್ಲ. ಪೆಲೆ ಎಂಬ ಹದಿನೇಳು ವರ್ಷದ ಹುಡುಗ ಹೊಡೆದ ಒಂದೇ ಗೋಲಿನಿಂದ ವೇಲ್ಸ್ ಸೋತಿತು. ಅದು ವಿಶ್ವಕಪ್‌ನಲ್ಲಿ ಪೆಲೆಯ ಮೊದಲ ಗೋಲು. ಚಾರ್ಲ್ಸರಿದ್ದಿದ್ದರೆ ಎಂಬ ಮಾತನ್ನು ಜಿಮ್ಮಿ ಮರ್ಫಿಯವರು ಕೊನೆಯವರೆಗೂ ಮನಸ್ಸಿನಿಂದ ತೆಗೆದುಹಾಕಲಿಲ್ಲ. ವೇಲ್ಸಿಗೆ ಮತ್ತೆ ವಿಶ್ವಕಪ್ ಆಡುವ ಭಾಗ್ಯ ದೊರೆತದ್ದು 64 ವರ್ಷಗಳ ನಂತರ, 2022ರಲ್ಲಿ.

ಮುಂದಿನ ಕಥೆ ಇಳಿಜಾರಿನದು, ಬೇಗ ಹೇಳಿ ಮುಗಿಸುತ್ತೇನೆ. 1962ರಲ್ಲಿ ಲೀಡ್ಸ್ 53,000 ಪೌಂಡು ಕೊಟ್ಟು ಅವರನ್ನು ಮರಳಿ ಕರೆಸಿತು. ಇಟಲಿಯ ಆಟಕ್ಕೆ ಒಗ್ಗಿದ್ದ, ಮೊಣಕಾಲಿನ ನೋವು ಅನುಭವಿಸಿದ್ದ ಅವರಿಗೆ ಇಂಗ್ಲೆಂಡಿನ ಓಟದ ಆಟ ಹಿಡಿಸಲಿಲ್ಲ. ಹನ್ನೊಂದೇ ಪಂದ್ಯಗಳಾಗುವಷ್ಟರಲ್ಲಿ ರೋಮಾ ಕ್ಲಬ್ಬಿಗೆ ಹೋದರು. ಅಲ್ಲಿಯೂ ಒಂದೇ ಋತು. ಬಳಿಕ ತಾಯ್ನಾಡಿನ ಕಾರ್ಡಿಫ್ ಸಿಟಿ, ಆಮೇಲೆ ಲೀಗಿನ ಹೊರಗಿದ್ದ ಹಿಯರ್‌ಫೋರ್ಡ್ ಎಂಬ ಸಣ್ಣ ಕ್ಲಬ್ಬು. ಅಲ್ಲಿ ಆಟಗಾರರೂ ವ್ಯವಸ್ಥಾಪಕರೂ ಆಗಿ 1971ರವರೆಗೆ ಇದ್ದರು. ಅವರು ಬಿಟ್ಟುಹೋದ ಮರುವರ್ಷವೇ ಆ ಸಣ್ಣ ತಂಡ ಎಫ್.ಎ. ಕಪ್‌ನಲ್ಲಿ ನ್ಯೂಕಾಸಲ್‌ನಂಥ ದೊಡ್ಡ ತಂಡವನ್ನು ಮಣಿಸಿ ಇಡೀ ಇಂಗ್ಲೆಂಡನ್ನು ಬೆರಗುಗೊಳಿಸಿತು. ವೇಲ್ಸ್ ಪರವಾಗಿ ಅವರು ಒಟ್ಟು 38 ಪಂದ್ಯಗಳನ್ನಾಡಿದ್ದರು.

ಮೈದಾನದಲ್ಲಿ ಅವರನ್ನು ಎತ್ತರಕ್ಕೇರಿಸಿದ ಗುಣವೇ ಮೈದಾನದ ಹೊರಗೆ ಅವರಿಗೆ ಮುಳುವಾಯಿತು. ಯಾರಿಗೂ ಇಲ್ಲವೆನ್ನಲು ಬಾರದ, ಎಲ್ಲರನ್ನೂ ನಂಬುವ ಮನುಷ್ಯನಿಗೆ ವ್ಯಾಪಾರ ಕೈಹಿಡಿಯುವುದುಂಟೆ? ಮದ್ಯದಂಗಡಿ ಇಟ್ಟರು, ಬೇರೆ ಉದ್ಯಮಗಳಿಗೂ ಕೈಹಾಕಿದರು; ಎಲ್ಲವೂ ನಷ್ಟದಲ್ಲಿ ಮುಗಿದವು. ಇಟಲಿಯಲ್ಲಿ ಗಳಿಸಿದ್ದು ಕರಗಿಹೋಯಿತು. ಮೊದಲ ವಿವಾಹವೂ ಉಳಿಯಲಿಲ್ಲ. 1980ರ ದಶಕದಲ್ಲಿ ಸ್ಥಳೀಯ ತೆರಿಗೆ ಕಟ್ಟಲಾಗದೆ ಸೆರೆಮನೆಯ ಬಾಗಿಲವರೆಗೂ ಹೋಗುವಂತಾಯಿತು. ಒಂದು ಕಾಲದಲ್ಲಿ ಬ್ರಿಟನ್ನಿನ ಅತ್ಯಂತ ದುಬಾರಿ ಆಟಗಾರನೆನಿಸಿದ್ದವರ ಸ್ಥಿತಿ ಅದು. ಇದನ್ನು ಮುಚ್ಚಿಡುವುದು ಸರಿಯಲ್ಲ. ಸೌಮ್ಯತೆಯೊಂದೇ ಸಾಕು, ವಿವೇಕ ಬೇಡ ಎಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಆದರೆ ತಮ್ಮನ್ನು ಕೈಬಿಟ್ಟವರ ಬಗ್ಗೆ ಅವರು ಕಹಿ ತುಂಬಿಕೊಳ್ಳಲಿಲ್ಲವೆಂಬುದನ್ನು ಅವರನ್ನು ಬಲ್ಲವರೆಲ್ಲರೂ ಒಪ್ಪುತ್ತಾರೆ.

ಇಟಲಿ ಅವರನ್ನು ಮರೆತಿರಲಿಲ್ಲ. 1997ರಲ್ಲಿ ಜುವೆಂಟಸ್ ಕ್ಲಬ್ಬಿಗೆ ನೂರು ವರ್ಷ ತುಂಬಿದಾಗ, ಆವರೆಗೆ ಅಲ್ಲಿ ಆಡಿದ ವಿದೇಶಿಯರಲ್ಲಿ ಶ್ರೇಷ್ಠ ಯಾರೆಂದು ಅಭಿಮಾನಿಗಳನ್ನು ಕೇಳಲಾಯಿತು. ಗೆಳೆಯ ಸಿವೋರಿ, ಫ್ರಾನ್ಸಿನ ಪ್ಲಾಟಿನಿ ಮೊದಲಾದವರನ್ನು ಹಿಂದಿಕ್ಕಿ ಅವರು ಆರಿಸಿದ್ದು ಚಾರ್ಲ್ಸರನ್ನು. ಆಯ್ಕೆ ಮಾಡಿದವರಲ್ಲಿ ಎಷ್ಟೋ ಜನ ಅವರ ಆಟವನ್ನು ಕಣ್ಣಾರೆ ಕಂಡವರಲ್ಲ, ತಂದೆಯರಿಂದ ಕೇಳಿದವರು. ಬ್ರಿಟಿಷ್ ಸರ್ಕಾರದ ಗೌರವ ಬಂದದ್ದು 2001ರಲ್ಲಿ, ಅವರ ನೆನಪಿನ ಶಕ್ತಿ ಕುಂದತೊಡಗಿದ್ದ ಮುಪ್ಪಿನಲ್ಲಿ.

2004ರ ಜನವರಿಯಲ್ಲಿ ದೂರದರ್ಶನದ ಸಂದರ್ಶನಕ್ಕೆಂದು ಇಟಲಿಗೆ ಹೋದ ಚಾರ್ಲ್ಸರು ಅಲ್ಲಿ ಹಠಾತ್ತನೆ ರಕ್ತನಾಳದ ತೊಂದರೆಯಿಂದ ಕುಸಿದರು. ಮಿಲಾನಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಬಲಪಾದದ ಒಂದು ಭಾಗವನ್ನು ವೈದ್ಯರು ತೆಗೆಯಬೇಕಾಯಿತು. ಪ್ರಯಾಣಕ್ಕೆ ತಕ್ಕಷ್ಟು ಚೇತರಿಸಿಕೊಂಡಾಗ ಅವರನ್ನು ಮನೆಗೆ ತಲುಪಿಸಲು ವಿಮಾನದ ವ್ಯವಸ್ಥೆ ಮಾಡಿ, ವೆಚ್ಚವನ್ನು ಭರಿಸಿದ್ದು ಅವರು ನಲವತ್ತೆರಡು ವರ್ಷಗಳ ಹಿಂದೆ ಬಿಟ್ಟುಬಂದಿದ್ದ ಜುವೆಂಟಸ್ ಕ್ಲಬ್ಬು. ಫೆಬ್ರವರಿ 21ರಂದು ಲೀಡ್ಸಿಗೆ ಸಮೀಪದ ವೇಕ್‌ಫೀಲ್ಡ್ ಆಸ್ಪತ್ರೆಯಲ್ಲಿ, 72ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ಅಂತ್ಯವಿಧಿಯ ದಿನ ಅವರ ಶವಪೆಟ್ಟಿಗೆಯನ್ನು ಎಲ್ಲಂಡ್ ರೋಡ್ ಮೈದಾನಕ್ಕೆ ತಂದಾಗ, ಅವರನ್ನು ಮಾರಿದ ಹಣದಿಂದ ಕಟ್ಟಿದ ಆ ಪಶ್ಚಿಮ ಕಟ್ಟಡವೂ ಅಲ್ಲಿ ನಿಂತಿತ್ತು.